ಪ್ಯಾನಿನ ಮುಂದಿನ ಜಾಗ

ಬಾಗಲಕೋಟೆ ಕಡೆಯ ನಮ್ಮ ಸಕ್ಕರೆ ಕಾರ್ಖಾನೆಯಲ್ಲಿ ಪಾಕ ಕುದಿಸುವ ಪ್ಯಾನಿಗೆ ಸ್ವಯಂಚಾಲಿತ ಯಂತ್ರ ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ಯಂತ್ರಕ್ಕೆ ರಜೆ ಬೇಡ, ಚಹಾ ಬೇಡ ಎಂದು ಮಾರುವವರು ಹೊಗಳಿದರು. ಅದೇ ಪ್ಯಾನಿನ ಮುಂದೆ ನಿಂತು, ಪಾಕವನ್ನು ಬೆರಳಲ್ಲಿ ತಿಕ್ಕಿ ಹದ ನೋಡುತ್ತಿದ್ದ ನನ್ನ ಗಂಡ ಹಣಮೇಶ ಹೋದ ಹಂಗಾಮಿನಲ್ಲಿ ತೀರಿಕೊಂಡಿದ್ದರು. ಅವರ ಜಾಗವನ್ನು ನಾನೇ ಅಳಿಸಬೇಕಿತ್ತು.

ಪರೀಕ್ಷೆಯ ಮಧ್ಯಾಹ್ನ, ಹದ ಬರುವ ಹೊತ್ತಿಗೆ ಮೊದಲ ಯಂತ್ರ ನಿಂತಿತು. ಇನ್ನೊಂದು ಕಂಪನಿಯದೂ ಅಲ್ಲೇ ನಿಂತಿತು.

"ಯಾರೋ ಕೈಲೆ ಸ್ಟೀಮ್ ಕಡಿಮಿ ಮಾಡ್ಯಾರ್ರಿ, ಮೇಡಂ," ಅಂದ ಆ ಎರಡನೇ ಕಂಪನಿಯ ಹುಡುಗ ಗೌತಮ.

"ಕೈಲೆ ತಿರುವೋ ವಾಲ್ವ್ ನಿನ್ನೇನ ಬಿಚ್ಚೇವಲ್ಲೋ ತಮ್ಮಾ," ಅಂದೆ ನಾನು.

ಕುದಿಯುವ ಪ್ಯಾನಿನ ಪಕ್ಕದಲ್ಲೇ ನನ್ನ ತೋಳು ತಣ್ಣಗಾಯಿತು. "ಸಾಕ್ರಿ, ಮನಿಗೆ ನಡೀರಿ," ಅಂದೆ, ಅವರು ನಿಲ್ಲುತ್ತಿದ್ದ ಜಾಗದ ಕಡೆ ತಿರುಗಿ, ಬೇರೆ ಯಾರಿಗೂ ಕೇಳದ ಹಾಗೆ. ನಿಂತಿದ್ದ ಯಂತ್ರ ಮುಂದುವರಿಯಿತು.

ಸಂಜೆ ಬೀಗ ತೆಗೆದಾಗ ಮನೆ ತುಂಬ ಬಿಸಿ ಪಾಕದ ವಾಸನೆ ಇತ್ತು.