ಹೊಗೆಗೆ ಹಿಡಿದ ಪಟ

ದಕ್ಷಿಣದಿಂದ ಬಂಗಾಳಕ್ಕೆ ಬಂದು ನೆಲೆಸಿದ ವಿನಾಯಕನು ಇಪ್ಪತ್ತು ವರ್ಷಗಳಿಂದ ಗಿರಾಕಿಗಳ ಕಣ್ಣಿನಿಂದಲೇ ಚಿತ್ರ ಬರೆದವನು. ಬಿಸ್ಕತ್ತಿನ ಡಬ್ಬಿಗೆ ನಗುವ ಮಗು, ವಿಮೆಯ ಜಾಹೀರಾತಿಗೆ ನೆಮ್ಮದಿಯ ಮುದುಕ. ಕೇಳಿದ್ದನ್ನು ಕೇಳಿದಂತೆ ಕೊಟ್ಟು, ತನ್ನದೆಂಬ ಗೆರೆಯನ್ನು ಅಳಿಸುತ್ತ ಬಂದನು. ಅದನ್ನೇ ವಿನಯವೆಂದೂ ನಂಬಿದ್ದನು. ಆದರೆ ಈ ಶರತ್ಕಾಲದ ದುರ್ಗಾಪೂಜಾ ಸಂಚಿಕೆಯ ಮುಖಪುಟವನ್ನು ಬಿಬಿಡಿ ಬಾಗ್ ಪೇಟೆಯ ಪತ್ರಿಕಾ ಪ್ರಕಾಶಕ ಪ್ರಸನ್ನಬಾಬು ಹೊಸಬಳಾದ ಮೈತ್ರಿಗೆ ವಹಿಸಿದರು.

“ನಿಮ್ಮ ಕೆಲಸ ಅಚ್ಚುಕಟ್ಟು, ವಿನಾಯಕಬಾಬು. ಆದರೆ ಯಾರು ಬರೆದದ್ದು ಅಂತ ಗೊತ್ತೇ ಆಗಲ್ಲವಲ್ಲ!” ಎಂದು ಪ್ರಸನ್ನಬಾಬು ನಕ್ಕರು.

ಆ ನಗು ಬೆಹಾಲಾ ಬಡಾವಣೆಯ ಮನೆಯವರೆಗೂ ಅವನನ್ನು ಹಿಂಬಾಲಿಸಿತು. ಗುರುತಿಲ್ಲದ ಕೈ! ಹಾಗಾದರೆ ಅದೇ ಆಯುಧವಾಗಲಿ. ಮೈತ್ರಿಯ ದುರ್ಗೆಯನ್ನೇ ಕಾಳಿಘಾಟ್ ಗುಡಿಯ ಬಳಿ ಮಾರುತ್ತಿದ್ದ ನೂರು ವರ್ಷ ಹಳೆಯ ಪಟದಂತೆ ಬರೆದುಬಿಟ್ಟರೆ ಕದ್ದವಳು ಅವಳಾಗುತ್ತಾಳೆ. ಬರೆದವನನ್ನು ಯಾರೂ ಹುಡುಕಲಾರರು.

“ವಿನಾಯಕದಾ, ನೀವು ನೋಡದೆ ನಾನು ಪ್ರಸನ್ನಬಾಬುಗೆ ಕೊಡಲ್ಲಪ್ಪ,” ಎಂದು ಅವನನ್ನು ಅಣ್ಣನೆಂದೇ ಕಾಣುತ್ತಿದ್ದ ಮೈತ್ರಿ ತಾನಾಗಿಯೇ ಚಿತ್ರ ತೋರಿಸಿದಾಗ ಅವನ ಕಿವಿ ಬಿಸಿಯಾಯಿತು. ಆದರೂ ಎದುರುಮುಖದ ಆ ದೇವಿಯನ್ನು ಮನಸ್ಸಿನಲ್ಲಿ ಅಚ್ಚೊತ್ತಿಕೊಂಡನು.

ಹಳೆಯ ಪುಸ್ತಕದ ಖಾಲಿ ಹಾಳೆ, ಚಹಾದ ಕಲೆ, ದೀಪದ ಮಸಿ, ಅಳಿಲುಗೂದಲಿನ ಕುಂಚ. ಪಟ ಬರೆಯುವವರ ಒಂದೇ ಉಸಿರಿನ ಗೆರೆಯೂ ಅವನಿಗೆ ಒಲಿಯಿತು. ಕೊನೆಗೆ ವಯಸ್ಸು ತುಂಬಲು ಹಾಳೆಯನ್ನು ಧೂಪದ ಹೊಗೆಗೆ ಹಿಡಿದನು. ದಿನವೂ ತಾಯಿ ಚೆನ್ನಮ್ಮನ ಭಾವಚಿತ್ರಕ್ಕೆ ಬೆಳಗುತ್ತಿದ್ದ ಧೂಪವೇ ಅದು. ಅಂದು ಮಾತ್ರ ನಾಚಿಕೆಯಿಂದ ಅವನು ಆ ಗೋಡೆಯತ್ತ ತಲೆಯೆತ್ತಲಿಲ್ಲ.

“ಕಾಳಿಘಾಟಿನ ಹಳೇ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿತು,” ಎಂದು ಪ್ರಕಾಶಕರ ಮೇಜಿನ ಮೇಲೆ ಪಟವನ್ನಿಟ್ಟನು. “ಪಾಪ, ಹುಡುಗಿ. ಹೇಳಲೋ ಬೇಡವೋ ಅಂತಿದ್ದೆ.”

ಪ್ರಕಾಶಕರು ಕರೆಸಿದ ಮೈತ್ರಿಯ ಮುಖ ಪಟ ಕಂಡು ಬಿಳಿಚಿತು. “ಇದನ್ನ ನಾನು ನೋಡೇ ಇಲ್ಲ, ದಾದಾ. ನಿಮಗಾದರೂ ನಂಬಿಕೆ ಇದೆ ತಾನೆ?” ಅವನು ಕಿಟಕಿಯ ಕಡೆಗೆ ತಿರುಗಿಕೊಂಡನು.

ಪ್ರಸನ್ನಬಾಬು ಎರಡೂ ಚಿತ್ರಗಳನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. “ಮೈತ್ರಿಯ ದೇವಿಗೆ ನತ್ತು ಎಡಮೂಗಿಗಿದೆ, ನಮ್ಮ ಬಂಗಾಳದ ಹೆಂಗಸರು ಹಾಕೋದೇ ಹಾಗೆ. ನಿಮ್ಮ ಪಟದಲ್ಲಿ ನಿಮ್ಮ ಕಡೆಯವರ ಹಾಗೆ ಬಲಮೂಗಿಗೆ ಬಂದಿದೆ, ಏಳು ಹರಳಿನ ಮೂಗುಬೊಟ್ಟು. ಹೋದ ವರ್ಷ ನಿಮ್ಮ ಮನೆಗೆ ಊಟಕ್ಕೆ ಬಂದಾಗ ಗೋಡೆಯ ಮೇಲೆ ನಿಮ್ಮ ತಾಯಿಯ ಚಿತ್ರದಲ್ಲಿ ಇದನ್ನೇ ನೋಡಿದ್ದೆ, ವಿನಾಯಕಬಾಬು. ಅಂತೂ ಯಾರು ಬರೆದದ್ದು ಅಂತ ಗೊತ್ತಾಗೋ ಚಿತ್ರ ಕೊಟ್ಟಿರಿ.” ವಿನಾಯಕನು ಬಗ್ಗಿ ನೋಡಿದನು. ಹೊಗೆಯ ಕಂದಿನ ನಡುವೆ, ತಾನು ಇಟ್ಟದ್ದೇ ತನಗೆ ತಿಳಿಯದ ಚೆನ್ನಮ್ಮನ ಮೂಗುಬೊಟ್ಟು ಹೊಳೆಯುತ್ತಿತ್ತು.