ಹಂಪಣ್ಣನ ಮನೆಯ ಗ್ಯಾಸಿನ ಒಲೆ

೧೯೩೯ನೆಯ ಇಸವಿ, ಫೆಬ್ರುವರಿ ೧೬, ಗುರುವಾರ. ಮಧ್ಯಾಹ್ನ ಹನ್ನೆರಡೂಕಾಲಕ್ಕೆ ಅಕ್ಕಿ ವ್ಯಾಪಾರಿ ಹಂಪಣ್ಣ ಗಂಗಾವತಿ ಠಾಣೆಗೆ ಬಂದ. ಎರಡೂ ಕೈ ಸುಟ್ಟಿದ್ದವು, ಎಣ್ಣೆಯಲ್ಲಿ ಅದ್ದಿದ ಬಟ್ಟೆ ಸುತ್ತಿಕೊಂಡಿದ್ದ. ಕುರ್ಚಿ ಕೊಟ್ಟರೂ ಕೂಡಲಿಲ್ಲ.

"ನನ್ನ ಹೇಣ್ತಿ ತೀರಿಕೊಂಡ್ಳರಿ, ಅಮೀನಸಾಹೇಬ್ರ. ಮಕ್ಬುಲಸಾಬ ಕೊಂದ."

ನಿಜಾಮರ ಸೀಮೆಯಲ್ಲಿ ಠಾಣೆಯ ಮುಖ್ಯಸ್ಥನಿಗೆ ಅಮೀನ ಎನ್ನುತ್ತಿದ್ದರು. ಅಮೀನ ಜಿಲಾನಸಾಬ ಪೇಟ ತೆಗೆದು ಮೇಜಿನ ಮೇಲಿಟ್ಟು, ನಿಧಾನವಾಗಿ ಹೇಳುವಂತೆ ಕೈಸನ್ನೆ ಮಾಡಿದ. ಮುನ್ಷಿ ಎಫ್‌ಐಆರ್ ಬರೆಯತೊಡಗಿದ.

ಊರಿಗಿನ್ನೂ ಕರೆಂಟು ಬಂದಿರಲಿಲ್ಲ. ಹಂಪಣ್ಣ ಎರಡು ವರ್ಷದ ಹಿಂದೆ ಹಿತ್ತಲಲ್ಲಿ ಕಬ್ಬಿಣದ ತೊಟ್ಟಿ ಕೂರಿಸಿ, ಕಾರ್ಬೈಡ್ ಕಲ್ಲಿನ ಮೇಲೆ ನೀರು ಹನಿಸಿ ಹುಟ್ಟುವ ಗ್ಯಾಸನ್ನು ಕಬ್ಬಿಣದ ನಳಿಗೆಯಲ್ಲಿ ಅಡುಗೆಮನೆಗೆ ತಂದಿದ್ದ. ಸಂತೆಯ ಅಂಗಡಿಗಳಲ್ಲಿ ಉರಿಯುವ ಗ್ಯಾಸ್ ಬತ್ತಿಯ ಗ್ಯಾಸೇ ಅದು. ಅದರ ಮೇಲೆ ಅನ್ನ ಬೇಯಿಸುವ ಮನೆ ಮಾತ್ರ ತಾಲೂಕಿನಲ್ಲಿ ಅದೊಂದೇ. ಈಗ ಅಡುಗೆಮನೆ ದುರಸ್ತಿ ನಡೆದಿತ್ತು. ಉತ್ತರದ ಗೋಡೆಯ ಒಲೆಯನ್ನು ಆಗ್ನೇಯ ಮೂಲೆಗೆ ಸರಿಸಲು ಮಂಗಳವಾರ ಫಿಟ್ಟರ್ ಮಕ್ಬುಲಸಾಬ ಬಂದು ನಳಿಗೆಗೆ ಕವಲು ಕೂಡಿಸಿದ್ದ. ಹಳೆಯ ಕವಲಿನ ಬಾಯಿ ಮುಚ್ಚದೆ ಹೋದ, ಅಲ್ಲಿಂದ ಗ್ಯಾಸು ಸೋರಿ ಕೋಣೆ ತುಂಬಿತು, ಗುರುವಾರ ಬೆಳಿಗ್ಗೆ ಏಳು ಗಂಟೆಗೆ ಹೆಂಡತಿ ವಿರೂಪಾಕ್ಷಮ್ಮ ಕಡ್ಡಿ ಗೀರಿದಳು, ಹನ್ನೊಂದಕ್ಕೆ ಜೀವ ಹೋಯಿತು. ಫಿರ್ಯಾದಿ ಇಷ್ಟು.

ಒಂದೂವರೆಗೆ ಜವಾನ ಕಳಕಪ್ಪ ಮಕ್ಬುಲಸಾಬನನ್ನು ಕರೆತಂದ. ಅರವತ್ತರ ಮುದುಕ, ಬೆರಳುಗಳಲ್ಲಿ ಕಬ್ಬಿಣದ ಕರಿ.

"ಹಳೇ ಬಾಯಿ ಮುಚ್ಚಿದ್ದೇನು?"

"ಬಿರಡಿ ಹಾಕೀನ್ರಿ. ನಾರು ಸುತ್ತಿ, ಸಫೇದಾ ಬಣ್ಣದ ಮುದ್ದಿ ಹಚ್ಚಿ, ಪಾನಾದಿಂದ ಬಿಗಿ ಮಾಡೀನಿ. ಸಬಕಾರದ ನೀರು ಸವರಿ ನೋಡೀನಿ. ಒಂದು ಗುಳ್ಳಿ ಏಳಲಿಲ್ಲ."

"ಮತ್ತ?"

"ಶುಕ್ರವಾರ ಬಂದು ಇನ್ನೊಮ್ಮಿ ನೋಡತೀನಿ, ಅಲ್ಲೀತನಕ ಹಿತ್ತಲದ ಗ್ಯಾಸ್ ತೊಟ್ಟಿ ವಾಲು ತಿರುವಬ್ಯಾಡ್ರಿ ಅಂತ ಹೇಳೀನಿ."

"ಸಾಕ್ಷಿ ಯಾರು?"

ಮುದುಕ ತಲೆ ತಗ್ಗಿಸಿದ. "ಸಾವಕಾರ ಹಂಪಣ್ಣಾರ ಸಾಕ್ಷಿ."

ಇಷ್ಟರಲ್ಲಿ ಪೇಟೆಯಲ್ಲಿ ಪಿಸುಗುಟ್ಟುವಿಕೆ ಶುರುವಾಗಿತ್ತು. ಅಮೀನನೂ ಫಿಟ್ಟರನೂ ಒಂದೇ ಮಸೀದಿಯವರು, ಇನ್ನೇನು ಬಿಟ್ಟು ಕಳಿಸುತ್ತಾನೆ ಎಂದು. ಜನರ ನಾಲಿಗೆಗೆ ಎಲುಬಿಲ್ಲ ಎಂಬುದು ಗೊತ್ತಿದ್ದೂ ಜಿಲಾನಸಾಬನಿಗೆ ಅದು ಚುಚ್ಚಿತು. ಮುದುಕನನ್ನು ಲಾಕಪ್ಪಿಗೆ ಹಾಕಿಸಿದ. ಬೀಗ ಬಿದ್ದ ಸದ್ದಿಗೆ ತನ್ನ ಮೇಲೇ ಸಿಟ್ಟು ಬಂತು, ಆದರೆ ತೆಗೆಸಲಿಲ್ಲ. ಖಟ್ಲೆ ರುಜುವಾತಾದರೆ ಈ ವಯಸ್ಸಿನಲ್ಲಿ ಜೈಲು ಕಂಡವನು ಮನೆಗೆ ಮರಳುವುದು ಕಷ್ಟ.

ಮೂರು ಗಂಟೆಗೆ ಪಂಚರ ಮುಂದೆ ಪಂಚನಾಮೆ. ಅಡುಗೆಮನೆಯ ಕಿಟಕಿ ಕಿತ್ತು ಅಂಗಳಕ್ಕೆ ಬಿದ್ದಿತ್ತು. ಉತ್ತರದ ಗೋಡೆಯಲ್ಲಿ ನಳಿಗೆಯ ಹಳೆಯ ಬಾಯಿ ತೆರೆದಿತ್ತು, ಒಳಗೆ ಒಣಗಿ ಬಿರಿದ ಕೆಸರು. ಬಿರಡೆ ಎಲ್ಲಿಯೂ ಇಲ್ಲ.

ಹಿತ್ತಲ ವಾಲು ಮುಚ್ಚಿರುವುದನ್ನು ನೋಡಿಕೊಂಡು ಜಿಲಾನಸಾಬ ಕಂದೀಲು ಹಿಡಿಸಿ ಬಾಯಿಯ ತಿರುಪಿನ ಗೆರೆಗಳನ್ನು ನೋಡಿದ. ಸೂಜಿಯಿಂದ ಕೆದಕಿದಾಗ ಬೆಳ್ಳಗಿನ ಸಫೇದಾ ಮೆತ್ತಿದ ನಾರಿನ ಎಳೆಗಳು ಬಂದವು. ಅಂದರೆ ಬಿರಡೆ ಕೂತಿತ್ತು. ಗೆರೆಗಳು ಹರಿದಿರಲಿಲ್ಲ, ಸಿಡಿತಕ್ಕೆ ಹಾರಿದ್ದರೆ ಹರಿಯಬೇಕಿತ್ತು. ಯಾರೋ ತಿರುವಿ ತೆಗೆದಿದ್ದರು.

"ಸಾಹೇಬ್ರ, ಇಲ್ಲಿ ನೋಡ್ರಿ," ಎಂದ ಕಳಕಪ್ಪ. ನಳಿಗೆಯ ಬಾಯಿಯ ಕೆಳಗೆ, ಹೊಸದಾಗಿ ಬಳಿದ ಸುಣ್ಣದ ಮೇಲೆ, ಕಂದು ಬಣ್ಣದ ಕಲೆ ಇಳಿದಿತ್ತು. ಕಳಕಪ್ಪ ಉಗುರಿನಿಂದ ಕೆರೆದು ಮೂಸಿದ. "ಹಾಲ್ರಿ. ಸುಟ್ಟ ಹಾಲು."

"ಒಲಿ ತಗದ ಜಾಗದಾಗ ಹಾಲು ಯಾಕ?"

"ನಮ್ಮಲ್ಲಿ ಒಲಿ ಜಾಗ ಬದಲಿಸಬೇಕಂದ್ರ, ಹಳೇದರ ಮ್ಯಾಲೆ ಹಾಲು ಉಕ್ಕಿಸಿ, ಅದರ ಬೆಂಕೀನ ಹೊಸಾದಕ್ಕ ಒಯ್ಯಬೇಕ್ರಿ. ಕಡ್ಡಿ ಗೀರಿ ಹೊಸ ಒಲಿ ಹಚ್ಚಿದ್ರ ಮನಿ ಬೆಂಕಿ ಸತ್ತಂಗ. ಉಕ್ಕಿದ ಹಾಲು ಒರಸಂಗೂ ಇಲ್ಲ."

ಮನೆಗೆಲಸದ ದುರಗಮ್ಮನನ್ನು ಕರೆಸಿದರು. ಸೆರಗು ಬಾಯಿಗೆ ಒತ್ತಿಕೊಂಡೇ ನಿಂತಳು.

"ಇವತ್ತು ಮುಂಜಾನಿ ಏನು ಕಂಡಿ?"

"ಬೆಳ್ಳುಳ್ಳಿ ವಾಸನಿ ಬಂತ್ರಿ. ಅಕ್ಕಾರು ಚಟ್ನಿ ಅರದಾರ ಅನ್ಕೊಂಡ್ನಿ. ಅಕ್ಕಾರು ನೋಡಿದ್ರ ಇನ್ನೂ ಜಳಕದ ಮನ್ಯಾಗ ಇದ್ರು."

ಕಾರ್ಬೈಡ್ ಗ್ಯಾಸಿನ ವಾಸನೆಯೇ ಅದು.

"ವಾಲು ತಿರುವಿದವರು ಯಾರು?"

"ಸಾವಕಾರ್ರು."

"ಹಾಲು ಉಕ್ಕಿಸಿದವರು?"

ದುರಗಮ್ಮ ಗೋಡೆ ನೋಡಿದಳು. "ನಿನ್ನಿ ಮೊನ್ನಿ ನಾ ಊರಾಗ ಇದ್ದಿಲ್ರಿ, ಹುಲಿಗಿಗೆ ಹೋಗಿದ್ದೆ."

ಸಂಜೆ ಮಣ್ಣು ಮುಗಿಯಿತು. ಆ ಹೊತ್ತಿನಲ್ಲಿ ಹಂಪಣ್ಣನನ್ನು ಕರೆಸಲು ಜಿಲಾನಸಾಬನಿಗೆ ಮನಸ್ಸಾಗಲಿಲ್ಲ. ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಕರೆಸಿದ.

"ಉತ್ತರದ ಗೋಡಿಗೆ ಸುಣ್ಣ ಯಾವಾಗ ಹೊಡಿಸಿದ್ರಿ, ಹಂಪಣ್ಣಾರ?"

"ಬುಧವಾರ ಮುಂಜಾನಿ."

"ಮಕ್ಬುಲಸಾಬ ಕೆಲಸ ಮುಗಿಸಿ ಹೋಗಿದ್ದು?"

"ಮಂಗಳವಾರ ಸಂಜಿಕ."

"ಹಂಗಾದ್ರ ಸುಣ್ಣದ ಮ್ಯಾಲೆ ಹಾಲು ಉಕ್ಕಿದ್ದು ಯಾವಾಗ?"

ಹಂಪಣ್ಣ ಬಟ್ಟೆ ಸುತ್ತಿದ ಕೈಯನ್ನು ಅಂಗಿಯ ಜೇಬಿಗೆ ಇಳಿಸಲು ಹೆಣಗಿದ. ಆಗಲಿಲ್ಲ. ಕಳಕಪ್ಪನೇ ಕೈ ಹಾಕಿ ತೆಗೆದ. ಕಬ್ಬಿಣದ ಬಿರಡೆ. ಅದರ ಮೂಲೆಗಳು ಅಡುಗೆಮನೆಯ ಇಕ್ಕಳದ ಹಿಡಿತಕ್ಕೆ ಸವೆದು ಉರುಟಾಗಿದ್ದವು.

"ಬುಧವಾರ ನಾಕು ಗಂಟೇಕ ನಾನ ತಗದೆ," ಎಂದ. "ವಾಲು ಸಣ್ಣಗ ಬಿಟ್ಟು, ನಳಿಗಿ ಬಾಯಾಗ ಬೆಂಕಿ ಹಚ್ಚಿದ್ವಿ. ಆಕಿ ಹಾಲು ಉಕ್ಕಿಸಿದ್ಳು, ದೀಪದಾಗ ಬೆಂಕಿ ಹೊಸ ಒಲಿಗೆ ಒಯ್ದ್ಳು. ಭಾಳ ಖುಷಿಯಾಗಿದ್ಳು. ಆಮ್ಯಾಲ ಬಿರಡಿ ಕೂಡಲಿಲ್ಲ. ನಾರು ಅರ್ಧ ಸುಟ್ಟಿತ್ತು. ವಾಲು ಬಂದ್ ಮಾಡಿ ಕೆಸರು ತುಂಬಿದೆ. ಹೆಂಗೂ ಶುಕ್ರವಾರ ಮಕ್ಬುಲಸಾಬ ಬರ್ತಾನ, ಹಾಕಿಸಿದ್ರಾತು ಅಂದೆ."

"ಮತ್ತ ಗುರುವಾರ ವಾಲು ಯಾಕ ತಿರುವಿದ್ರಿ?"

"ಹೊಸ ಒಲಿ ಮ್ಯಾಲೆ ಮೊದಲ ಅನ್ನ ಮಾಡತೀನಿ ಅಂದ್ಳು. ಎರಡು ಕೂಸು ಮಣ್ಣು ಮಾಡಿದಾಕಿ, ಸಾಹೇಬ್ರ. ಇನ್ನ ಈ ಮನ್ಯಾಗ ಛಲೋ ಆಗತೈತಿ ಅಂದ್ಳು. ನಾ ಬ್ಯಾಡ ಅನ್ನಲಿಲ್ಲ."

"ಬಡವನ ಮ್ಯಾಲೆ ಯಾಕ ಹಾಕಿದ್ರಿ?" ಜಿಲಾನಸಾಬನ ದನಿ ಏರಿತು. "ಅವನಿಗೂ ಮನಿ ಐತಿ."

"ಖರೆ ಹೇಳಿದ್ರ ಮಂದಿ ಆಕಿಗೇ ಅಂತಿದ್ರು. ಹಾಲಿನ ಹಟಕ್ಕ ತಾನ ಸತ್ಳು ಅಂತಿದ್ರು. ಅದನ್ನ ಕೇಳಾಕ ನನ್ನ ಕೈಲಿ ಆಗತಿರಲಿಲ್ಲ."

ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಹಂಪಣ್ಣನನ್ನು ಅಜಾಗರೂಕತೆಯಿಂದ ಸಾವಿಗೆ ಕಾರಣನಾದ, ಸುಳ್ಳು ಫಿರ್ಯಾದಿ ಕೊಟ್ಟ ಆರೋಪದ ಮೇಲೆ ದಸ್ತಗಿರಿ ಮಾಡಲಾಯಿತು. ಕೈ ಸುಟ್ಟಿದ್ದರಿಂದ ಬೇಡಿ ಹಾಕಲಿಲ್ಲ.

ಲಾಕಪ್ಪಿನಿಂದ ಹೊರಬಂದ ಮಕ್ಬುಲಸಾಬನಿಗೆ ಸಂಗತಿ ತಿಳಿಯಿತು. ಬೈಯುತ್ತಾನೆಂದು ಎಲ್ಲರೂ ಕಾದರು. ಬೈದಿದ್ದರೆ ತಪ್ಪೂ ಇರಲಿಲ್ಲ. ಮುದುಕ ಹಂಪಣ್ಣನ ಎದುರು ಬಂದು ನಿಂತ.

"ನನಗ ಒಂದು ಮಾತು ಹೇಳಬೇಕಿತ್ತಲ್ರಿ, ಸಾವಕಾರ್ರ. ಹಾಲು ಉಕ್ಕೋತನಕ ಬಿರಡಿ ಹಾಕತಿರಲಿಲ್ಲ. ಒಂದು ತಾಸು ಕೂತಿರತಿದ್ನಿ, ಅಷ್ಟ."

ಹಂಪಣ್ಣನಿಗೆ ಅಳು ತಡೆಯಲಾಗಲಿಲ್ಲ. "ಹೇಳೂನು ಅಂದ್ನೋ, ಮಕ್ಬುಲಸಾಬ. ನೀ ನಗತಿ ಅಂತ ಆಕಿ ಬ್ಯಾಡಂದ್ಳು."

ಜಿಲಾನಸಾಬ ಕೇಸಿನ ಕಾಗದ ಎಳೆದುಕೊಂಡ. ಅಪರಾಧದ ಉದ್ದೇಶ ಎಂಬ ಅಂಕಣಕ್ಕೆ ಬಂದಾಗ ಮೊದಲು ಏನೂ ಹೊಳೆಯಲಿಲ್ಲ. ಕೊನೆಗೆ ಬರೆದ: ಹೆಂಡತಿಯ ಸಂಕೋಚ, ಗಂಡನ ಪ್ರೀತಿ. ಬರೆದದ್ದನ್ನು ಓದಿ ನೋಡಿದ, ಹೊಡೆದು ಹಾಕಲಿಲ್ಲ, ರುಜು ಮಾಡಿದ.