ಖಾಲಿ ಕುರ್ಚಿಯ ಮೇಲೆ ಕೇಸು

"ಬಿಚ್ಚಿ ನೋಡೇ ಜಾಸಿರಾ! ಚೀಟಿ ಏನು ಕಚ್ಚುತ್ತಾ?" ಹಿಂದಿನ ಬೆಂಚಿನಿಂದ ವಾಲ್ದೆಸಿ ಕೂಗಿದ.

ಜಾಸಿರಾ ಬಿಚ್ಚಿದಳು. ಟೀಚರ್ ಅಕ್ಷರದಲ್ಲಿ ಮೂರೇ ಪದ: 'ವಕೀಲೆ, ಗೆತೂಲಿಯೊ ವಿರುದ್ಧ.'

ಚೀಟಿಯನ್ನು ಮತ್ತೆ ಮಡಚಿದಳು.

ಶುಕ್ರವಾರ ನಾಲ್ಕನೇ ಕ್ಲಾಸಿನಲ್ಲಿ ಕೋರ್ಟು ನಡೆಯಲಿತ್ತು. ಆರೋಪಿ ಅಧ್ಯಕ್ಷ ಗೆತೂಲಿಯೊ ವರ್ಗಸ್. ಅವರು ಸತ್ತು ನಲವತ್ತು ವರ್ಷ ದಾಟಿತ್ತು. ಆದರೆ ಜುಲೇಯ್ದಿ ಟೀಚರ್ ಬಿಡಬೇಕಲ್ಲ.

"ಐವತ್ತು ವರ್ಷದ ಹಿಂದೆ ಅವರು ನಮ್ಮ ಬ್ರೆಜಿಲನ್ನ ಮಹಾಯುದ್ಧಕ್ಕೆ ಇಳಿಸಿದ್ರು," ಎಂದರು ಟೀಚರ್. "ಯಾಕೆ? ಜರ್ಮನಿಯವರು ನಮ್ಮ ಹಡಗುಗಳನ್ನ ಮುಳುಗಿಸಿದ್ರು, ಅದಕ್ಕೆ ಅಂತಾರೆ ಕೆಲವರು. ಅಮೆರಿಕದವರು ಉಕ್ಕಿನ ಕಾರ್ಖಾನೆಗೆ ದುಡ್ಡು ಕೊಟ್ರು, ಅದಕ್ಕೆ ಅಂತಾರೆ ಇನ್ನು ಕೆಲವರು. ನೀವು ವಾದ ಮಾಡಿ. ಒಬ್ಬೊಬ್ಬ ವಕೀಲರು ಒಂದೊಂದು ಸಾಕ್ಷಿ ಕರೀಬಹುದು."

ಗೆತೂಲಿಯೊ ಪರ ವಕೀಲ ವಾಲ್ದೆಸಿ. ಅವನ ಕೈ ಆಗಲೇ ಮೇಲಿತ್ತು.

"ನನ್ನ ಸಾಕ್ಷಿ ತೆಯೊದೊರೊ ತಾತ! ಜಾಸಿರಾಳ ತಾತ!"

ಕ್ಲಾಸೆಲ್ಲ ಹೋ ಎಂದಿತು. ತೆಯೊದೊರೊ ತಾತನ ಹಾಸಿಗೆಯ ಮೇಲೆ ಗೋಡೆಯಲ್ಲಿ ಎರಡು ಪಟಗಳಿದ್ದದ್ದು ಬೀದಿಗೆಲ್ಲ ಗೊತ್ತಿತ್ತು. ಒಂದು ಸಂತ ಸೆಬಾಸ್ತಿಯಾನನದು, ಇನ್ನೊಂದು ಗೆತೂಲಿಯೊ ಅವರದು. ತಾತ ದಿನಾ ಬೆಳಿಗ್ಗೆ ಎರಡರ ಧೂಳನ್ನೂ ಒರೆಸುತ್ತಿದ್ದ.

"ಟೀಚರ್, ಅವನ ಸಾಕ್ಷಿಗೆ ನಾನು ಪ್ರಶ್ನೆ ಕೇಳಲೇಬೇಕಾ?"

"ಮತ್ತೆ ವಕೀಲೆ ಇರೋದು ಯಾಕೆ?" ಎಂದರು ಟೀಚರ್.

ಜಾಸಿರಾ ಮನೆಗೆ ಬರುವಷ್ಟರಲ್ಲಿ ಸುದ್ದಿ ಮೊದಲೇ ಬಂದು ಕೂತಿತ್ತು. ತಾತ ಮೆಟ್ಟಿಲ ಮೇಲೆ ಮಚ್ಚು ಹಿಡಿದು ಕಾಸ್ತಾನ್ಯಾ ಎಂಬ ಕಾಡುಮರದ ಗಟ್ಟಿ ಕಾಯಿ ಒಡೆಯುತ್ತಿದ್ದ. ಮುಖ ಅರಳಿತ್ತು.

"ನಂಗೆ ಕೋರ್ಟಿಂದ ಕರೆ ಬಂದಿದೆ!"

"ಸ್ಕೂಲಿನ ಕೋರ್ಟು ತಾತ. ಆಟದ್ದು."

"ಕೋರ್ಟು ಅಂದ್ರೆ ಕೋರ್ಟು." ಒಳಗೆ ತಿರುಗಿ ಕೂಗಿದ. "ಮಗಳೇ, ನನ್ನ ಬಿಳಿ ಶರ್ಟಿಗೆ ಇಸ್ತ್ರಿ ಹಾಕು!"

"ಶುಕ್ರವಾರ ತಾನೇ ಅಪ್ಪಾ! ಇವತ್ತಿನ್ನೂ ಮಂಗಳವಾರ!" ಅಡುಗೆಮನೆಯಿಂದ ಅಮ್ಮನ ದನಿ ಬಂತು.

ತಾತ ಒಂದು ಬೀಜ ಬಿಡಿಸಿ ಜಾಸಿರಾಳ ಕೈಗಿಟ್ಟ. "ಸತ್ತೋರ ಮೇಲೆ ಕೇಸು ಹಾಕೋದು ಪಾಪ ಕಣೆ ಪುಟ್ಟಿ. ಪಾಪ, ಅವರು ಬಂದು ಉತ್ತರ ಹೇಳೋಕಾಗುತ್ತಾ? ಅದಕ್ಕೆ ನಾನೇ ಹೋಗ್ತೀನಿ. ನೀನ್ಯಾವ ಕಡೆ?"

ಜಾಸಿರಾ ಬೀಜ ಬಾಯಿಗೆ ಹಾಕಿಕೊಂಡಳು. ನಿಧಾನ ಅಗಿದಳು.

"ನಾನು... ಕೋರ್ಟಿನ ಗಂಟೆ ಹೊಡೆಯೋದು."

"ಒಳ್ಳೇ ಕೆಲಸ," ಎಂದ ತಾತ.

ರಾತ್ರಿ ಊಟಕ್ಕೆ ಮುಂಚೆ ಅವಳು ನೋಟ್‌ಬುಕ್ ಹಿಡಿದು ಅವನ ಪಕ್ಕ ಕೂತಳು.

ತಾತ ಬೇರೆಯವರಂತೆ ಬಂದೂಕು ಹಿಡಿದು ಯುದ್ಧಕ್ಕೆ ಹೋದವನಲ್ಲ. ಲಾರಿ, ವಿಮಾನಗಳ ಟೈರಿಗೆ ರಬ್ಬರ್ ಬೇಕಿತ್ತು. ಅದಕ್ಕೆ ಹುಡುಗರನ್ನು ದೂರದ ಸೆಯರಾದಿಂದ ಲಾರಿಯಲ್ಲಿ, ದೋಣಿಯಲ್ಲಿ ರಬ್ಬರ್ ಮರಗಳಿರುವ ಈ ಆಕ್ರೆ ಕಾಡಿಗೆ ತಂದು ಬಿಟ್ಟರು. ರಬ್ಬರ್ ಸಿಪಾಯಿಗಳು ಎಂದು ಅವರ ಹೆಸರು. ಆಗ ತಾತನಿಗೆ ಹದಿನೇಳು ವರ್ಷ. ಯುದ್ಧ ಮುಗಿಯಿತು, ವಾಪಸು ಕರೆದುಕೊಂಡು ಹೋಗಲು ಯಾರೂ ಬರಲಿಲ್ಲ.

"ಗೆತೂಲಿಯೊ ಯುದ್ಧಕ್ಕೆ ಇಳಿದದ್ದು ಯಾಕೆ ತಾತ?"

"ಹಡಗು ಮುಳುಗಿಸಿದ್ರಲ್ಲ! ಹೆಂಗಸರು, ಮಕ್ಕಳು ಇದ್ರು ಅದ್ರಲ್ಲಿ."

"ಮತ್ತೆ ನೀನ್ಯಾಕೆ ಬಂದೆ?"

"ದೇಶಕ್ಕೋಸ್ಕರ. ಮತ್ಯಾಕೆ?"

ಅವಳು ಬರೆದುಕೊಂಡಳು: ದೇಶ.

ಬುಧವಾರ ಮರಗೆಣಸಿನ ಸಿಪ್ಪೆ ತೆಗೆಯುತ್ತ ತಾತನೇ ಮಾತು ತೆಗೆದ. "ಬರೋರಿಗೆಲ್ಲ ಪ್ಯಾಂಟು ಕೊಡ್ತಿದ್ರು, ಟೋಪಿ, ತಟ್ಟೆ, ಲೋಟ, ಮಲಗೋಕೆ ತೂಗುಜೋಲಿ. ಮತ್ತೆ ಚಪ್ಪಲಿ. ಹೊಸದು ಕಣೆ! ಅಲ್ಲೀವರೆಗೂ ನನ್ನ ಕಾಲಿಗೆ ಹೊಸ ಚಪ್ಪಲಿ ಅಂತ ಬಂದಿದ್ದೇ ಇಲ್ಲ. ನಾನು ಅದರ ವಾಸನೆ ನೋಡಿದೆ. ಅಷ್ಟೇ, ಹೆಬ್ಬೆಟ್ಟು ಒತ್ತಿಬಿಟ್ಟೆ."

ಜಾಸಿರಾಳ ಪೆನ್ನು ನಿಂತಿತು. 'ದೇಶ' ಎಂಬುದರ ಮೇಲೆ ಗೀಟು ಎಳೆದು ಕೆಳಗೆ ಬರೆದಳು: ಚಪ್ಪಲಿ.

ಗುರುವಾರ ಸಂಜೆ ಅವನೇ ನಕ್ಕು ಹೇಳಿದ. "ನಮ್ಮಣ್ಣ ಹೇಳಿದ್ದ, 'ಲೋ, ನೀನು ಕತ್ತಲಾದ್ರೆ ಹಿತ್ತಲಿಗೂ ಹೋಗಲ್ಲ, ಕಾಡಿಗೆ ಹೋಗ್ತೀಯಾ?' ಅಂತ. ಅವನ ಮೂತಿ ನೋಡ್ಬೇಕಿತ್ತು, ನಾನು ಲಾರಿ ಹತ್ತಿದಾಗ!"

ಚಪ್ಪಲಿಯ ಮೇಲೂ ಗೀಟು ಬಿತ್ತು. ಕೆಳಗೆ ಬರೆದಳು: ಅಣ್ಣ.

ಆ ರಾತ್ರಿ ಹಾಸಿಗೆಯಲ್ಲಿ ಜಾಸಿರಾ ತನ್ನ ವಾದ ಕಟ್ಟಿಕೊಂಡಳು. ತುಂಬ ಒಳ್ಳೆಯ ವಾದ. 'ಸಾಕ್ಷಿಯೇ ದೇಶಕ್ಕಾಗಿ ಅಂದು ಚಪ್ಪಲಿಗಾಗಿ, ಅಣ್ಣನ ಮೇಲಿನ ಹಟಕ್ಕಾಗಿ ಬಂದ. ಹಾಗೇ ಅಧ್ಯಕ್ಷರು ಹಡಗಿಗಾಗಿ ಅಂದು ಕಾರ್ಖಾನೆಗಾಗಿ ಇಳಿದರು.' ಇಷ್ಟು ಹೇಳಿದರೆ ವಾಲ್ದೆಸಿಯ ಬಾಯಿ ಬಂದ್. ಆದರೆ ತಾತ? ಕ್ಲಾಸಿನ ಮೂವತ್ತು ಮಕ್ಕಳ ಮುಂದೆ, ಇಸ್ತ್ರಿ ಶರ್ಟು ಹಾಕಿಕೊಂಡು ಕೂತ ತಾತ? ಅವಳು ಮಗ್ಗುಲು ಬದಲಿಸಿದಳು. ಆ ಕಡೆಯೂ ನಿದ್ದೆ ಇರಲಿಲ್ಲ.

ಶುಕ್ರವಾರ ಕ್ಲಾಸಿನ ಮುಂದೆ ಒಂದು ಖಾಲಿ ಕುರ್ಚಿ. ಅದರ ಮೇಲೆ ರಟ್ಟಿಗೆ ಅಂಟಿಸಿದ ಗೆತೂಲಿಯೊ ಚಿತ್ರ. ಫ್ಯಾನಿನ ಗಾಳಿಗೆ ಅದು ಮಗುಚಿ ಮಗುಚಿ ಬೀಳುತ್ತಿತ್ತು.

ತಾತ ಒಳಗೆ ಬಂದ. ಕೂದಲಿಗೆ ಎಣ್ಣೆ, ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಹಳೇ ಕಾಗದಪತ್ರ. ಮೊದಲು ಹೋಗಿ ಬಿದ್ದಿದ್ದ ಚಿತ್ರವನ್ನು ಎತ್ತಿ ನೆಟ್ಟಗೆ ನಿಲ್ಲಿಸಿದ. ಆಮೇಲೆ ಗಂಟೆ ಇದ್ದ ಮೇಜಿನ ಕಡೆ ನೋಡಿದ. ಅಲ್ಲಿ ಬೇರೆ ಹುಡುಗಿ ಕೂತಿದ್ದಳು. ಅವನ ಕಣ್ಣು ಸುತ್ತ ಹುಡುಕಿ ಎದುರು ಪಕ್ಷದ ಮೇಜಿನ ಮೇಲೆ ನಿಂತಿತು.

ಜಾಸಿರಾ ತನ್ನ ನೋಟ್‌ಬುಕ್ಕಿನಲ್ಲಿ ಮುಖ ಹುದುಗಿಸಿದಳು.

ವಾಲ್ದೆಸಿ ಎದ್ದು ಕೇಳಿದ, ತಾತ ಹಡಗಿನ ಕತೆ ಹೇಳಿದ. ದನಿಯಲ್ಲಿ ಮಾತ್ರ ಮಂಗಳವಾರದ ಹುರುಪಿರಲಿಲ್ಲ. ಮಕ್ಕಳು ಚಪ್ಪಾಳೆ ತಟ್ಟಿದರು.

"ಈಗ ನೀನು, ಜಾಸಿರಾ," ಎಂದರು ಟೀಚರ್.

ಅವಳು ಎದ್ದಳು. ವಾದ ನಾಲಿಗೆಯ ತುದಿಯಲ್ಲೇ ಇತ್ತು. "ಸಾಕ್ಷಿಗಳೇ, ನೀವು..." ತಾತನಿಗೆ 'ನೀವು' ಅಂದದ್ದು ಅದೇ ಮೊದಲು.

"ಕೇಳಮ್ಮ ವಕೀಲರೇ," ಎಂದ ತಾತ. "ಕೇಳೋಕೆ ತಾನೇ ನಿಂತಿರೋದು?"

ಯಾರೋ ಕಿಸಕ್ಕೆಂದರು. ಜಾಸಿರಾ ನೋಟ್‌ಬುಕ್ ಮುಚ್ಚಿದಳು.

"ನೀವು ಯುದ್ಧಕ್ಕೆ ಬಂದದ್ದು ಯಾಕೆ?" ಅಷ್ಟೇ ಕೇಳಿದಳು.

ತಾತ ಅವಳನ್ನೇ ನೋಡಿದ. ಕವರಿನ ಕಾಗದಗಳನ್ನು ಮೊಣಕಾಲ ಮೇಲೆ ಸರಿಮಾಡಿಕೊಂಡ.

"ದೇಶಕ್ಕೆ ಅಂತ ಬಂದೆ," ಎಂದ. "ಚಪ್ಪಲಿ ಕೊಡ್ತಾರೆ ಅಂತ್ಲೂ ಬಂದೆ. ನಮ್ಮಣ್ಣನ ಬಾಯಿ ಮುಚ್ಚಿಸಬೇಕಿತ್ತು, ಅದಕ್ಕೂ ಬಂದೆ."

ಕ್ಲಾಸು ನಕ್ಕಿತು. ತಾತನೂ ಸ್ವಲ್ಪ ನಕ್ಕ.

"ಆಕ್ಷೇಪಣೆ!" ವಾಲ್ದೆಸಿ ಎದ್ದ. "ಒಂದೇ ಹೇಳ್ಬೇಕು ತಾತ! ಅದ್ರಲ್ಲಿ ನಿಜ ಯಾವುದು?"

"ಯಾವುದು ಸುಳ್ಳು ಅಂತ ನೀನೇ ಹೇಳಪ್ಪ."

ವಾಲ್ದೆಸಿ ತಲೆ ಕೆರೆದುಕೊಂಡು ಕೂತ. ದಾಖಲೆ ಬರೆಯುತ್ತಿದ್ದ ಹುಡುಗಿ ಪೆನ್ನೆತ್ತಿ ಕೇಳಿದಳು, "ಟೀಚರ್, ಯಾವುದು ಬರೀಲಿ?"

"ಎಲ್ಲಾ ಬರಿ," ಎಂದ ತಾತ. "ಕಾಗದ ಇದೆಯಲ್ಲ."

ತೀರ್ಪುಗಾರರಾಗಿದ್ದ ಏಳು ಮಕ್ಕಳು ಮೂಲೆಯಲ್ಲಿ ಗುಂಪು ಕಟ್ಟಿ ಪಿಸುಗುಟ್ಟಿದರು, ಜಗಳವಾಡಿದರು, ಒಬ್ಬಳು ಅತ್ತಳು ಕೂಡ. ಕೊನೆಗೆ ಅವರ ಮುಖಂಡ ಎದ್ದ. "ಟೀಚರ್, 'ಗೊತ್ತಾಗ್ತಿಲ್ಲ' ಅಂತ ಬರೀಬಹುದಾ? ಮಾರ್ಕ್ಸ್ ಕಟ್ ಮಾಡ್ತೀರಾ?" ಅಷ್ಟರಲ್ಲಿ ಊಟದ ಬೆಲ್ ಹೊಡೆಯಿತು.

ಮನೆಗೆ ಹೋಗುವಾಗ ತಾತ ತನಗೊಂದು, ಜಾಸಿರಾಳಿಗೊಂದು ಕುಪುವಾಸು ಹಣ್ಣಿನ ಐಸ್ ಕೊಂಡ. ಚೀಪುತ್ತ ನಡೆದರು.

"ಗಂಟೆ ಹೊಡೀತೀನಿ ಅಂದ್ಯಲ್ಲ. ಯಾಕೆ?"

"ನಿಂಗೆ ಬೇಜಾರಾಗುತ್ತೆ ಅಂತ."

"ಹೂಂ."

ಸೇತುವೆ ಬಂತು. ಐಸ್ ಕರಗಿ ಮೊಣಕೈವರೆಗೆ ಇಳಿದಿತ್ತು.

"ನಾನು ಎದುರು ಪಕ್ಷ ಅಂತ ಹೇಳಿದ್ರೆ ನೀನು ನಂಗೆ ಏನೂ ಹೇಳ್ತಿರ್ಲಿಲ್ಲ ಅಂತ್ಲೂ," ಎಂದಳು ಜಾಸಿರಾ. "ನಂಗೆ ಗೆಲ್ಲಬೇಕಿತ್ತು."

"ಹೂಂ. ಇನ್ನೂ ಇದ್ಯಾ?"

ಅವಳು ಯೋಚಿಸಿದಳು. ಒಳಗೆ ಇನ್ನೇನೋ ಇತ್ತು. ಚಿಪ್ಪಿಗೆ ಅಂಟಿದ ಬೀಜದ ಹಾಗೆ, ಮೇಲೇಳಲೊಲ್ಲದು.

"ಇರಬಹುದು. ನಂಗೇ ಗೊತ್ತಾಗ್ತಿಲ್ಲ ತಾತ."

ತಾತ ಕರ್ಚೀಫು ತೆಗೆದು ಅವಳ ಮೊಣಕೈ ಒರೆಸಿದ.

ಮನೆಯಲ್ಲಿ ಜಾಸಿರಾ ನೋಟ್‌ಬುಕ್ ತೆರೆದಳು. ಪೆನ್ನಿನ ಗೀಟು, ರಬ್ಬರಿನಿಂದ ಉಜ್ಜಿದರೂ ಹೋಗಲಿಲ್ಲ. ಹೊಸ ಹಾಳೆ ತಿರುವಿ, ಹೊಡೆದುಹಾಕಿದ್ದನ್ನೂ ಸೇರಿಸಿ ಎಲ್ಲ ಮತ್ತೆ ಒಂದರ ಕೆಳಗೊಂದು ಬರೆದಳು: ದೇಶ. ಚಪ್ಪಲಿ. ಅಣ್ಣ.

ಕೆಳಗೆ ಎರಡು ಸಾಲು ಖಾಲಿ ಬಿಟ್ಟಳು. ಆಮೇಲೆ ಕಾಯಿ ಒಡೆಯಲು ತಾತನ ಹತ್ತಿರ ಹೋದಳು.